ಈಶ್ವರಿ ಮೆಸ್ಸಿನ ಪಾದಪೂಜೆ

ನಾಗಸಂದ್ರ
ಮಾರ್ಚ್ 6, 2023

ಮಂಜುಶ್ರೀಗೆ,

ಕ್ಷೇಮ, ಆಶೀರ್ವಾದ ಅಂತ ಬರೆದು ಶುರು ಮಾಡು ಎಂದು ನಿಮ್ಮಪ್ಪ ಹೇಳಿದರು. ಹೆತ್ತ ಹೊಟ್ಟೆಗೆ ಬೆಂಕಿ ಇಟ್ಟು ಹೋದವಳಿಗೆ ಆಶೀರ್ವಾದ ಬೇರೆ ಕೇಡು. ನಾನು ಬರೆಯುವುದಿಲ್ಲ.

ಶುಕ್ರವಾರ ಹೋಗಿ ಭಾನುವಾರ ಬರುತ್ತೇನೆ, ಬೇಗೂರಿನ ಆಚೆ ಯಾವುದೋ ಆಶ್ರಮದಲ್ಲಿ ಧ್ಯಾನದ ಶಿಬಿರ ಅಂದೆ. ಕಂಪನಿಯಲ್ಲಿ ಬೇರಿಂಗು ನೋಡಿ ನೋಡಿ ಹುಡುಗಿಯ ಕಣ್ಣು ಸೋತಿದೆ, ಹೋಗಿ ಬರಲಿ ಪಾಪ ಎಂದು ನಾನೇ ಚಕ್ಕುಲಿ ಕಟ್ಟಿ ಕೊಟ್ಟೆ. ಭಾನುವಾರ ಸಂಜೆ ಬಂದದ್ದು ನೀನಲ್ಲ. ಬಿಳಿ ಸೀರೆ ಉಟ್ಟ ಹೆಂಗಸೊಬ್ಬಳು ನಿನ್ನ ಫೋನು, ವಾಚು, ಓಲೆ ಹಾಕಿದ್ದ ಕವರನ್ನು ತಂದು ಮೆಸ್ಸಿನ ಗಲ್ಲಾದ ಮೇಲೆ ಇಟ್ಟಳು. "ನಿಮ್ಮ ಮಗಳು ಪುಣ್ಯವಂತೆ ಅಮ್ಮಾ. ಅಲ್ಲೇ ಉಳ್ಕೊಳ್ತಾರಂತೆ" ಅಂದಳು. ನನ್ನ ಕೈಯಲ್ಲಿ ಸಾರಿನ ಸೌಟಿತ್ತು. ಅದರಲ್ಲೇ ಒಂದು ಬಿಡೋಣ ಅನ್ನಿಸಿತು. ಊಟಕ್ಕೆ ಕೂತಿದ್ದ ಪೀಣ್ಯದ ಹುಡುಗರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ಅವರಿಗೇ ಸಾರು ಬಡಿಸಿದೆ.

ಅಲ್ಲಿ ಫೋನಿಲ್ಲವಂತೆ, ಏನಿದ್ದರೂ ಕಾಗದ ಬರೆಯಬೇಕಂತೆ. ಒಂದೇ ಊರಿನಲ್ಲಿ ಇದ್ದುಕೊಂಡು ಕಾಗದ! ಪೋಸ್ಟ್ ಆಫೀಸಿಗೆ ಹೋಗಿ ಕವರು ಕೇಳಿದರೆ ಅಲ್ಲಿಯವನು ನನ್ನನ್ನು ಮ್ಯೂಸಿಯಮ್ಮಿನಿಂದ ಎದ್ದು ಬಂದವಳ ಹಾಗೆ ನೋಡಿದ.

ಏನು ಕಮ್ಮಿಯಾಗಿತ್ತು ನಿನಗೆ? ಆ ದಾಬಸ್‌ಪೇಟೆ ಗಂಡು ಬೇಡ ಅನ್ನಿಸಿದ್ದರೆ ಬೇಡ ಅಂದಿದ್ದರೆ ಆಗುತ್ತಿತ್ತು. ಮದುವೆಯೇ ಬೇಡ ಅಂದಿದ್ದರೂ ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಿದ್ದೆ. ಮೋಕ್ಷ ಬೇಕಂತೆ ಮೋಕ್ಷ. ಇಪ್ಪತ್ತೇಳು ವರ್ಷಕ್ಕೆ ಯಾವುದರಿಂದ ಬಿಡುಗಡೆ ಬೇಕಾಯಿತೇ ನಿನಗೆ? ನನ್ನಿಂದಲೇ ತಾನೆ?

ಮರ್ಯಾದೆಯಾಗಿ ಎದ್ದು ಬಾ. ನಾನು ಏನೂ ಅನ್ನುವುದಿಲ್ಲ.

ನಿನ್ನ ತಾಯಿ,
ಈಶ್ವರಮ್ಮ


ಬೇಗೂರು
ಮಾರ್ಚ್ 19, 2023

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಿನ್ನ ಕಾಗದವನ್ನು ಗುರುಗಳ ಮುಂದೆಯೇ ಓದಿದೆ. ಅವರು ನಕ್ಕು, "ನಿಮ್ಮ ತಾಯಿಗೆ ಸಿಟ್ಟಿನಲ್ಲೂ ಎಷ್ಟು ಏಕಾಗ್ರತೆ ನೋಡಮ್ಮ, ಅದು ಬಂಡವಾಳ" ಅಂದರು. ನಿನ್ನನ್ನು ಆಡಿಕೊಂಡು ಹೇಳಿದ್ದಲ್ಲ.

ನಿನ್ನಿಂದ ಬಿಡುಗಡೆ ಬೇಕಾಗಿರಲಿಲ್ಲ ಅಮ್ಮ. ಕಂಪನಿಯಲ್ಲಿ ದಿನವಿಡೀ ಬೇರಿಂಗುಗಳನ್ನು ಗೇಜಿಗೆ ಹಾಕಿ, ಅಳತೆಗೆ ಸರಿಯಿದ್ದರೆ ಈ ಡಬ್ಬಕ್ಕೆ, ಇಲ್ಲದಿದ್ದರೆ ಆ ಡಬ್ಬಕ್ಕೆ ಹಾಕುತ್ತಿದ್ದೆ. ನಾನು ಯಾವ ಡಬ್ಬದವಳು ಎಂಬ ಯೋಚನೆ ಬಂದರೆ ಕೈ ನಿಂತುಹೋಗುತ್ತಿತ್ತು. ಕಂಪನಿಯ ಯೋಗ ದಿನಕ್ಕೆ ಗುರುಗಳು ಬಂದು ಮಾತಾಡಿದರಲ್ಲ, ಅವತ್ತು ಮೊದಲ ಸಲ ಯಾರೋ ನನ್ನನ್ನು ಕೈಗೆತ್ತಿಕೊಂಡು ನೋಡಿದ ಹಾಗಾಯಿತು. ಅವರು ಹೇಳಿದ್ದು ಇಷ್ಟೇ: ಮನಸ್ಸನ್ನು ಹತ್ತು ಕಡೆ ಹಂಚಿದವನು ಹತ್ತೂ ಕಡೆ ಭಿಕ್ಷುಕ, ಒಂದೇ ಕಡೆ ಇಟ್ಟವನಿಗೆ ಅದೇ ಬಾಗಿಲಾಗುತ್ತದೆ.

ನಮ್ಮ ಮನೆಯ ಗೋಡೆ ನೋಡು. ಮುನೇಶ್ವರ, ತಿಮ್ಮಪ್ಪ, ಬನಶಂಕರಿ, ಅಯ್ಯಪ್ಪ, ಮಂಜುನಾಥ, ಜಾಗ ಸಾಲದೆ ಕ್ಯಾಲೆಂಡರಿನ ಲಕ್ಷ್ಮಿಯನ್ನು ಫ್ರಿಜ್ಜಿಗೆ ಅಂಟಿಸಿದ್ದೀಯ. ಎಲ್ಲರಿಗೂ ಊದುಬತ್ತಿ, ಯಾರಿಗೂ ಪೂರ್ತಿ ಮನಸ್ಸಿಲ್ಲ. ನೀನೂ ಒಬ್ಬರನ್ನು ಹಿಡಿ. ಹಿಡಿದ ಮೇಲೆ ಬಿಡಬೇಡ. ದುಃಖ ತಾನಾಗಿ ಕಮ್ಮಿಯಾಗುತ್ತದೆ.

ನಿನ್ನ ಮಗಳು,
ಮಂಜುಶ್ರೀ


ನಾಗಸಂದ್ರ
ಏಪ್ರಿಲ್ 24, 2023

ಮಂಜುಶ್ರೀಗೆ,

ನನ್ನ ಫ್ರಿಜ್ಜಿನ ಲಕ್ಷ್ಮಿಯ ತಂಟೆಗೆ ಬರಬೇಡ. ಆ ಫ್ರಿಜ್ಜಿನ ಮೊಸರು ತಿಂದೇ ನೀನು ಬೆಳೆದದ್ದು.

ಭಾನುವಾರ ಮೆಸ್ಸಿಗೆ ಬೀಗ ಹಾಕಿ ನಾವಿಬ್ಬರೂ ಬಂದಿದ್ದೆವು, ಅದು ನಿನಗೆ ಯಾರಾದರೂ ಹೇಳಿದರೋ ಇಲ್ಲವೋ. ಮೆಟ್ರೋ ಇಳಿದು, ಬಸ್ಸು ಹತ್ತಿ, ಬೇಗೂರಿನಲ್ಲಿ ಇಳಿದು ಆಟೋ ಹಿಡಿದು ಬಂದೆವು. ಅಪಾರ್ಟ್‌ಮೆಂಟುಗಳ ಹಿಂದೆ ಇಷ್ಟು ದೊಡ್ಡ ಜಾಗ ಮಾಡಿಕೊಂಡಿದ್ದಾರೆ ಅಂತ ಗೊತ್ತಿರಲಿಲ್ಲ. ಆಫೀಸಿನಲ್ಲಿ ಕೂತಿದ್ದವನು ತಲೆ ಎತ್ತದೆ, "ಹೊಸ ಸಾಧಕರನ್ನ ಮನೆಯವರು ನೋಡೋ ಹಾಗಿಲ್ಲ ಮೇಡಂ, ಮನಸ್ಸು ಕದಡುತ್ತೆ" ಅಂದ. ಜೀವಮಾನದಲ್ಲಿ ಯಾರಿಗೂ ದನಿ ಎತ್ತದ ನಿಮ್ಮಪ್ಪ, "ನಮ್ ಉಡ್ಗೀನ ನಾವ್ ನೋಡಕ್ಕೆ ನಿನ್ ಪರ್ಮಿಸನ್ ಯಾಕಯ್ಯಾ ಬೇಕು?" ಅಂದರು. ಅವನು ಎರಡು ಲೋಟ ಮಜ್ಜಿಗೆ ತರಿಸಿ ಕೊಟ್ಟ. ನಿಮ್ಮಪ್ಪ ಕುಡಿದುಬಿಟ್ಟರು. ಅಷ್ಟೇ ಅವರ ಪೌರುಷ.

ನಾನು ಕೈ ತೊಳೆಯುವ ನೆಪ ಮಾಡಿ ಹಿತ್ತಿಲ ಕಡೆ ಬಂದೆ. ಅಡುಗೆಮನೆಯ ಜಾಲರಿ ಕಿಟಕಿಯಲ್ಲಿ ನೀನು ಕಂಡೆ. ನೆಲದ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದೆ. ನಮ್ಮ ಮೆಸ್ಸಿನಲ್ಲಿ ಒಂದು ದಿನ, ಒಂದೇ ಒಂದು ದಿನ, ಹುರುಳಿಕಾಯಿ ಹೆಚ್ಚಿಕೊಡು ಅಂದದ್ದಕ್ಕೆ ಉಗುರಿನ ಬಣ್ಣ ಹಾಳಾಗುತ್ತೆ ಅಂದಿದ್ದವಳು! ಅಲ್ಲಿ ಯಾರದೋ ಊಟಕ್ಕೆ ಬುಟ್ಟಿಗಟ್ಟಲೆ ಹೆಚ್ಚುತ್ತಾ ಕೂತಿದ್ದೀಯ. ಸೊರಗಿದ್ದೀಯ. "ಮಂಜೂ" ಅಂದೆ. ಕೇಳಿಸಿತು ನಿನಗೆ. ನಿನ್ನ ಚಾಕು ನಿಂತದ್ದನ್ನು ಕಣ್ಣಾರೆ ನೋಡಿದೆ. ಆಮೇಲೆ ಮತ್ತೆ ಹೆಚ್ಚಲು ಶುರು ಮಾಡಿದೆ.

ಹೊಟ್ಟೆ ಉರಿದುಹೋಯಿತು ಕಣೇ. ನಿನಗೆ ಮೋಕ್ಷ ಕೊಡುವವನು ಯಾರೋ ಅವನನ್ನೇ ಕೇಳು, ಈ ಪಾಪ ಯಾರ ತಲೆಗೆ ಅಂತ.

ಈಶ್ವರಮ್ಮ


ಬೇಗೂರು
ಫೆಬ್ರವರಿ 20, 2024

ಪ್ರೀತಿಯ ಅಮ್ಮನಿಗೆ,

ಆ ಕಾಗದಕ್ಕೆ ಇಷ್ಟು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಬಾರದೆಂದು ಗುರುಗಳು ಹೇಳಿದ್ದರು. ಈಗ ಅವರೇ ಬರಿ ಎಂದಿದ್ದಾರೆ.

ಶಿವರಾತ್ರಿಯಂದು ನನಗೆ ಸಂನ್ಯಾಸ ದೀಕ್ಷೆ. ಇಷ್ಟು ಬೇಗ ಯಾರಿಗೂ ಕೊಟ್ಟಿಲ್ಲವಂತೆ. ನನ್ನ ನಿಷ್ಠೆ ನೋಡಿ ಕೊಡುತ್ತಿದ್ದಾರೆ. ದೀಕ್ಷೆಗೆ ಮುಂಚೆ ಆತ್ಮಶ್ರಾದ್ಧ ಇರುತ್ತದೆ. ಅಂದರೆ ನನಗೆ ನಾನೇ ಪಿಂಡ ಇಟ್ಟುಕೊಳ್ಳಬೇಕು. ಅಲ್ಲಿಗೆ ಮಂಜುಶ್ರೀ ಎಂಬವಳು ತೀರಿಕೊಂಡ ಲೆಕ್ಕ. ನಿನಗೂ ಅಪ್ಪನಿಗೂ ಮುಂದೆ ನನ್ನ ಮೇಲೆ ಹಕ್ಕಿಲ್ಲ, ನನಗೂ ನಿಮ್ಮ ಮೇಲಿಲ್ಲ. ಅವತ್ತು ಬೆಳಿಗ್ಗೆ ನೀವಿಬ್ಬರೂ ತಲೆಗೆ ನೀರು ಹಾಕಿಕೊಂಡರೆ ಸಾಕು. ಅಷ್ಟು ಮಾಡಿದರೆ ನನ್ನ ದಾರಿ ಸಲೀಸಾಗುತ್ತದೆ. ನನ್ನ ಬಟ್ಟೆಬರೆಯನ್ನು ಯಾರಿಗಾದರೂ ಕೊಟ್ಟುಬಿಡಿ.

ಇದು ನಾನು ನಿನ್ನನ್ನು ಕೇಳುವ ಕೊನೆಯ ಉಪಕಾರ. ದಯವಿಟ್ಟು ಮಾಡು.

ಮಂಜು


ನಾಗಸಂದ್ರ
ಮಾರ್ಚ್ 10, 2024

ನಿನ್ನನ್ನು ಏನಂತ ಕರೆದು ಬರೆಯಬೇಕೋ ತಿಳಿಯಲಿಲ್ಲ, ಹಾಗಾಗಿ ಜಾಗ ಖಾಲಿ ಬಿಟ್ಟಿದ್ದೇನೆ. ಏನು ಬೇಕೋ ತುಂಬಿಕೊ.

ನೀರು ಹಾಕಿಕೊಂಡೆವು. ನೀನು ಹೇಳಿದ್ದನ್ನು ಮಾಡಿದೆವು, ಇನ್ನೊಂದು ಕೊರಗು ಇಟ್ಟುಕೊಳ್ಳಬೇಡ. ನಿಮ್ಮಪ್ಪ ನಲ್ಲಿಕಟ್ಟೆಯ ಮೇಲೆ ಕೂತರು, ನಾನೇ ಅವರ ತಲೆಗೆ ಚೊಂಬಿನಲ್ಲಿ ಹುಯ್ದೆ. ನೀರು ಯಾವುದು ಕಣ್ಣೀರು ಯಾವುದು ಗೊತ್ತಾಗದಿರಲಿ ಅಂತ ಹುಯ್ಯುತ್ತಲೇ ಇದ್ದೆ. ನಮ್ಮತ್ತೆ ಚಿಕ್ಕಮುನಿಯಮ್ಮ ತೀರಿಕೊಂಡಾಗ ಹೀಗೇ ಅದೇ ಕಟ್ಟೆಯ ಮೇಲೆ ಕೂತಿದ್ದರು. ಅತ್ತೆಗಾದರೋ ಎಂಬತ್ತು ದಾಟಿತ್ತು.

ಮೆಸ್ಸಿನ ಷಟರು ಅರ್ಧ ಎಳೆದಿದ್ದೆ. ಮಧ್ಯಾಹ್ನ ಊಟಕ್ಕೆ ಸಿದ್ರಾಮ ಬಂದ, ವಿಜಯಪುರದ ಕಡೆಯವನು, ನಮ್ಮಲ್ಲೇ ಎರಡು ಹೊತ್ತು ಉಣ್ಣುವವನು. ನನ್ನ ಒದ್ದೆ ತಲೆ ನೋಡಿ ಹೆದರಿ ಕೇಳಿದ:

"ಯಾರ್ ಹೋದ್ರಿ ಅವ್ವಾರ?"

"ನನ್ ಮಗ್ಳು ಕಣಪ್ಪ" ಅಂದೆ.

"ಅಯ್ಯ ಶಿವನ! ಏನಾಗಿತ್ರಿ?"

"ಏನೂ ಆಗಿಲ್ಲ. ಚೆನ್ನಾಗವ್ಳೆ."

ಪಾಪ, ಅವನಿಗೆ ಅಳಬೇಕೋ ಬಿಡಬೇಕೋ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಅವನಿಗೆ ಬೆಳಗಿನ ಅನ್ನ ಬಿಸಿ ಮಾಡಿ ಹಾಕಿದೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು, ಗೊತ್ತು. ಆದರೆ ಹೆಣವೇ ಇಲ್ಲದ ಸಾವಿಗೆ ಯಾವ ಶಾಸ್ತ್ರ?

ಒಂದು ಮಾತು ಕೇಳುತ್ತೇನೆ. ಈಗ ನೀನು ಗುರು ತಾನೆ, ಹೇಳು. ಒಂದನ್ನು ಹಿಡಿ ಅಂತ ಬರೆದಿದ್ದೆ. ಹಟ ಮಾಡಿ ಕೂತು ನೋಡಿದೆ. ತಿಮ್ಮಪ್ಪನನ್ನು ನೆನೆದರೂ ನೀನೇ, ಬನಶಂಕರಿಯನ್ನು ನೆನೆದರೂ ನೀನೇ. ಕಣ್ಣು ಮುಚ್ಚಿದರೆ ನೀನು, ತೆರೆದರೆ ನೀನು. ಬಟ್ಟೆ ಕೊಟ್ಟುಬಿಡು ಅಂದೆಯಲ್ಲ, ಬೀರು ತೆಗೆದರೆ ನಿನ್ನ ವಾಸನೆ. ಇದನ್ನು ಇಟ್ಟುಕೊಂಡು ಏನು ಮಾಡಲಿ? ಎಲ್ಲಿ ಬಿಸಾಕಲಿ? ನಿನ್ನ ಪುಸ್ತಕದಲ್ಲಿ ಇದಕ್ಕೇನಾದರೂ ಇದೆಯಾ?

ಈಶ್ವರಮ್ಮ


ಬೇಗೂರು
ಮಾರ್ಚ್ 22, 2024

ಶ್ರೀಮತಿ ಈಶ್ವರಮ್ಮನವರಿಗೆ,

ನಿಮ್ಮ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅನೇಕ ಸಾಧಕರು ಇದನ್ನು ಕೇಳಲು ಹೆದರುತ್ತಾರೆ.

ಮನಸ್ಸು ತಾನಾಗಿ ಎಲ್ಲಿಗೆ ಓಡುತ್ತದೋ ಅಲ್ಲಿಂದ ಅದನ್ನು ಎಳೆದು ತರಬೇಡಿ. ಅದು ಓಡಿದಲ್ಲೇ ನಿಲ್ಲಿಸಿ. ಕಣ್ಣು ಮುಚ್ಚಿದಾಗ ಕಾಣುವ ಆ ರೂಪವನ್ನೇ ನೋಡಿ, ಆದರೆ 'ನನ್ನ ಮಗಳು' ಎಂದು ನೋಡಬೇಡಿ. ನನ್ನದು ಎಂಬುದನ್ನು ತೆಗೆದು ಅಲ್ಲಿ ಭಗವಂತನನ್ನು ಕೂರಿಸಿ. ರೂಪ ಅದೇ ಇರಲಿ, ಹಕ್ಕು ಮಾತ್ರ ಹೋಗಲಿ. ದಿನವೂ ಮಾಡಿ. ಬಟ್ಟೆಗಳನ್ನು ಇವತ್ತೇ ಕೊಟ್ಟುಬಿಡಿ.

ಈ ಕಾಗದವನ್ನು ಗುರುಗಳು ಓದಿ ಮೆಚ್ಚಿದರು. ಉಪದೇಶ ಕೊಡಲು ನನಗೆ ಅಧಿಕಾರ ಬಂದಿದೆ ಎಂದರು.

ಭಗವಂತನ ಸೇವೆಯಲ್ಲಿ,
ಮಾತಾ ನಿಷ್ಠಾಮಯಿ


ನಾಗಸಂದ್ರ
ಡಿಸೆಂಬರ್ 15, 2024

ಪರಮಪೂಜ್ಯ ಮಾತಾಜಿಯವರ ಪಾದಗಳಿಗೆ ಈಶ್ವರಮ್ಮ ಮಾಡುವ ಅನಂತ ನಮಸ್ಕಾರಗಳು.

ತಮ್ಮ ಮಾರ್ಚ್ ತಿಂಗಳ ಕಾಗದ ಓದಿದ ದಿನ, ಸುಳ್ಳು ಯಾಕೆ ಹೇಳಲಿ, ಅದನ್ನು ಹರಿದು ಒಲೆಗೆ ಹಾಕಿದೆ. ಆದರೆ ಅದರ ಮಾತು ತಲೆಯಿಂದ ಹೋಗಲಿಲ್ಲ. ರೂಪ ಅದೇ ಇರಲಿ, ಹಕ್ಕು ಹೋಗಲಿ. ಮುದ್ದೆ ತಿರುವುವಾಗ ಅದೇ, ಪಾತ್ರೆ ಬೆಳಗುವಾಗ ಅದೇ. ಕೊನೆಗೆ, ಆಗಲಿ, ಇದೂ ಒಂದು ನೋಡೇಬಿಡೋಣ ಎಂದು ಕೂತೆ. ಮೊದಮೊದಲು ಬರೀ ಅಳು. ಆಷಾಢ ಹುಟ್ಟುವ ಹೊತ್ತಿಗೆ ಅಳು ನಿಂತಿತು. ಒಂದು ಬೆಳಿಗ್ಗೆ ಕಣ್ಣು ಮುಚ್ಚಿದರೆ ತಾವು ಕಾವಿ ಉಟ್ಟು ಕೂತಿದ್ದಿರಿ. ಎದೆಯಲ್ಲಿ ನೋವಿರಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದೆನೋ, ನಮ್ಮ ಯಜಮಾನರು ಬಂದು ಅಲ್ಲಾಡಿಸಿದಾಗಲೇ ಎಚ್ಚರ. ಅನ್ನ ಸೀದುಹೋಗಿತ್ತು.

ಗೋಡೆಯ ಪಟಗಳನ್ನೆಲ್ಲ ಇಳಿಸಿ ದೇವಸ್ಥಾನದ ಅರಳಿಕಟ್ಟೆಗೆ ಇಟ್ಟು ಬಂದೆ. ಈಗ ತಮ್ಮದೊಂದೇ ಪಟ. ಆಶ್ರಮದ ಪೀಣ್ಯ ಸತ್ಸಂಗದವರು ಕೊಟ್ಟರು. ಗುರುಪೂರ್ಣಿಮೆಗೆ ಅವರ ಜೊತೆ ಬಂದಿದ್ದೆ. ಸಾಲಿನಲ್ಲಿ ನಿಂತು ತಮ್ಮ ಪಾದ ಮುಟ್ಟಿದೆ. ತಾವು ನೋಡಿದಿರೋ ಇಲ್ಲವೋ, ನಾನು ತಲೆ ಎತ್ತಲಿಲ್ಲ.

ಬಟ್ಟೆಗಳನ್ನು ಎದುರುಮನೆ ಹೇಮಲತಾಳ ಮಗಳಿಗೆ ಕೊಟ್ಟೆ. ಅವಳು ಅವನ್ನು ಉಟ್ಟು ಬೀದಿಯಲ್ಲಿ ಓಡಾಡಿದರೂ ಈಗ ನನಗೇನೂ ಅನ್ನಿಸುವುದಿಲ್ಲ. ಶುಕ್ರವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಮೆಸ್ಸಿನಲ್ಲೇ ಭಜನೆ. ಬೀದಿಯ ಹೆಂಗಸರೆಲ್ಲ ಬರುತ್ತಾರೆ. "ಮಾತಾಜೀನ ಎತ್ತೋರು" ಅಂತ ನನಗೆ ಮುಂದೆ ಜಾಗ ಬಿಡುತ್ತಾರೆ. ಹಾಗನ್ನಬೇಡಿ, ನಾನೂ ನಿಮ್ಮ ಹಾಗೆ ಒಬ್ಬ ಭಕ್ತೆ ಅನ್ನುತ್ತೇನೆ. ಗ್ಯಾಸ್ಟ್ರಿಕ್ ಮಾತ್ರೆ ನಿಂತಿದೆ. ಚೆನ್ನಾಗಿ ನಿದ್ದೆ ಬರುತ್ತದೆ.

ಯಜಮಾನರು ಮಾತ್ರ ಭಜನೆಗೆ ಕೂರುವುದಿಲ್ಲ. "ನಿಂಗೆ ತಲೆ ಕೆಟ್ಟೈತೆ" ಅಂದು ಹೊರಗೆ ಹೋಗುತ್ತಾರೆ. ಅವರಿಗೂ ಒಳ್ಳೆಯ ಬುದ್ಧಿ ಕೊಡಿ.

ತಮ್ಮ ಪಾದಸೇವಕಿ,
ಈಶ್ವರಮ್ಮ


ಬೇಗೂರು
ಫೆಬ್ರವರಿ 9, 2025

ಅಮ್ಮಾ,

ಈ ಕಾಗದ ಆಫೀಸಿನಿಂದ ಬರುತ್ತಿಲ್ಲ. ತರಕಾರಿ ತರುವ ಶೈಲಕ್ಕನ ಕೈಯಲ್ಲಿ ಕೊಟ್ಟು ಹೊರಗೆ ಪೋಸ್ಟ್ ಮಾಡಿಸುತ್ತಿದ್ದೇನೆ. ಓದಿ ಯಾರಿಗೂ ಹೇಳಬೇಡ. ಅಪ್ಪನಿಗೆ ಹೇಳು.

ಗುರುಪೂರ್ಣಿಮೆಯ ದಿನ ನಿನ್ನನ್ನು ನೋಡಿದೆ. ನಿನ್ನ ನೆತ್ತಿ ನರೆತಿತ್ತು. ನಿನ್ನ ಹಿಂದೆ ಉದ್ದಕ್ಕೆ ಜನ ನಿಂತಿದ್ದರು, ಕೈ ಎತ್ತಿ ಆಶೀರ್ವಾದ ಮಾಡಿ ಮುಂದಿನವರ ಕಡೆ ತಿರುಗಿದೆ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನಿಜ ಹೇಳುತ್ತೇನೆ ಅಮ್ಮ. ನನಗೆ ಏನೂ ಸಿಕ್ಕಿಲ್ಲ. ನೀನು ಬರೆದೆಯಲ್ಲ, ಎದೆಯಲ್ಲಿ ನೋವಿಲ್ಲದೆ ಹೊತ್ತು ಹೋದದ್ದು ತಿಳಿಯಲಿಲ್ಲ ಅಂತ, ಅದು ನನಗೆ ಒಂದು ದಿನವೂ ಆಗಿಲ್ಲ. ಕಣ್ಣು ಮುಚ್ಚಿದರೆ ಕತ್ತಲೆ, ಕಾಲು ಜೋಮು. ಗುರುಗಳಿಗೆ ಹೇಳಿದರೆ, "ಅನುಭವ ಆದವರ ಹಾಗೆ ಇರು, ಆಗುತ್ತೆ" ಅನ್ನುತ್ತಾರೆ. ನಾನು ಅನುಭವ ಆದವಳ ಹಾಗೆ ಇರುವುದರಲ್ಲಿ ತುಂಬ ಚೆನ್ನಾಗಿದ್ದೇನಂತೆ. ಮುಂದೆ ಪೀಠ ನನಗೇ ಎಂದು ಒಳಗೊಳಗೆ ಮಾತಿದೆ.

ಹೋದ ತಿಂಗಳು ಗುರುಗಳಿಗೆ ವಿಪರೀತ ಜ್ವರ ಬಂತು. ಹಣೆಗೆ ಒದ್ದೆಬಟ್ಟೆ ಹಾಕುತ್ತಾ ನಾನೇ ಕೂತಿದ್ದೆ. ಜ್ವರ ಏರಿದಾಗ ಅವರು ಮಂತ್ರ ಹೇಳಲಿಲ್ಲ, ಭಗವಂತನ ಹೆಸರು ಹೇಳಲಿಲ್ಲ. "ಅವ್ವಾ, ಬಾಗ್ಲು ತಗಿಯವ್ವಾ" ಅಂದರು. ಚಿಕ್ಕ ಮಗುವಿನ ದನಿಯಲ್ಲಿ, ಮತ್ತೆ ಮತ್ತೆ. ಹಿಂದೆ ಅವರ ತಾಯಿ ಈ ಆಶ್ರಮದ ಗೇಟಿಗೆ ಬಂದು ನಿಂತಿದ್ದಾಗ ಇವರು ನೋಡದೆ ಕಳಿಸಿದ್ದರಂತೆ. ಆ ಕಥೆಯನ್ನು ನಮಗೆಲ್ಲ ವೈರಾಗ್ಯದ ಪಾಠವೆಂದು ಹೇಳುತ್ತಾರೆ. ಜ್ವರ ಬಿಟ್ಟ ಮೇಲೆ, "ನಾನು ಏನಾದರೂ ಮಾತಾಡಿದೆನಾ?" ಎಂದು ಕೇಳಿದರು. ಇಲ್ಲ ಅಂದೆ.

ನಿನ್ನ ಕಿವಿಗೆ ಕೇಳಿಸುವ ಕಾಲದಲ್ಲೇ ನಿನ್ನನ್ನು ಕರೆಯಬೇಕು ನಾನು. ಮನೆಗೆ ಬರುತ್ತೇನೆ ಅಮ್ಮ. ಇಪ್ಪತ್ಮೂರನೇ ತಾರೀಕು ಭಾನುವಾರ, ಮೆಸ್ಸಿನಲ್ಲಿ ಜನ ಕಮ್ಮಿ ಇರುವ ದಿನ. ಪೀಣ್ಯದ ಸತ್ಸಂಗಕ್ಕೆಂದು ಹೇಳಿ ಹೊರಡುತ್ತೇನೆ, ವಾಪಸ್ ಹೋಗುವುದಿಲ್ಲ. ಬೇರೆ ಬಟ್ಟೆಯಿಲ್ಲ, ಕಾವಿಯಲ್ಲೇ ಬರುತ್ತೇನೆ. ನಿನ್ನದೊಂದು ಹಳೆ ಸೀರೆ ತೆಗೆದಿಡು. ಬಂದ ತಕ್ಷಣ ಬೈಯಿ. ಎಷ್ಟು ಬೇಕೋ ಅಷ್ಟು ಬೈಯಿ.

ನಿನ್ನ ಮಗಳು,
ಮಂಜು


ಬೇಗೂರು
ಮಾರ್ಚ್ 2, 2025

ಅಮ್ಮಾ,

ನನಗೆ ಒಂದು ವಿಷಯ ತಿಳಿಯಬೇಕು. ನಾನು ಬರೆದ ಕಾಗದವನ್ನು ನೀನು ಓದಿದ್ದೆಯೋ ಇಲ್ಲವೋ?

ಬೀದಿಯ ತಿರುವಿನಲ್ಲೇ ನನಗೆ ಗೊತ್ತಾಗಬೇಕಿತ್ತು. ರಸ್ತೆಗೆ ಅಡ್ಡಲಾಗಿ ಮಾವಿನ ತೋರಣ, ವಿದ್ಯುತ್ ಕಂಬಕ್ಕೆ ನನ್ನ ಫೋಟೋ ಇರುವ ಫ್ಲೆಕ್ಸು, 'ಮಾತಾಜಿಯವರಿಗೆ ಭಕ್ತಿಪೂರ್ವಕ ಸ್ವಾಗತ, ಈಶ್ವರಿ ಮೆಸ್ ಮತ್ತು ಸದ್ಭಕ್ತರು.' ಓಡಿಹೋಗೋಣ ಅನ್ನಿಸಿತು. ಅಷ್ಟರಲ್ಲಿ ಹೇಮಲತಕ್ಕ ನೋಡಿ, "ಬಂದ್ರು, ಬಂದ್ರು!" ಎಂದು ಕೂಗಿದರು. ಓಲಗದವರು ಶುರು ಮಾಡಿದರು.

ಬೆಂಚುಗಳನ್ನೆಲ್ಲ ಗೋಡೆಗೆ ಒರಗಿಸಿ ಮೆಸ್ಸಿನ ನಡುವೆ ನನಗೊಂದು ಕುರ್ಚಿ ಹಾಕಿದ್ದೆ. ಮುಂದೆ ಹಿತ್ತಾಳೆ ತಟ್ಟೆ. ನೀನು ಸೆರಗನ್ನು ತಲೆಯ ಮೇಲೆ ಹೊದ್ದು ಕೂತು ನನ್ನ ಪಾದವನ್ನು ತಟ್ಟೆಯೊಳಗೆ ಇಟ್ಟುಕೊಂಡೆ. ಗುರುಪೂರ್ಣಿಮೆಯ ಸಾಲು ಬಿಟ್ಟರೆ, ಎರಡು ವರ್ಷದ ಮೇಲೆ ನಿನ್ನ ಕೈ ನನ್ನನ್ನು ಮುಟ್ಟಿದ್ದು ಹಾಗೆ. ಹಾಲು ಹುಯ್ದೆ, ನೀರು ಹುಯ್ದೆ, ಅರಿಶಿನ ಹಚ್ಚಿದೆ. ನಾನು ಬಗ್ಗಿ, "ಅಮ್ಮಾ, ಸಾಕು, ಏಳಮ್ಮಾ" ಎಂದು ನಿನ್ನ ಕಿವಿಯ ಹತ್ತಿರವೇ ಅಂದೆ. ನೀನು ತಲೆ ಎತ್ತಲಿಲ್ಲ. ಆ ನೀರನ್ನು ಅಂಗೈಯಲ್ಲಿ ತೆಗೆದು ಕುಡಿದೆ. ಎಲ್ಲರಿಗೂ ಕೊಟ್ಟೆ. ಸಿದ್ರಾಮಣ್ಣನೂ ಸಾಲಿನಲ್ಲಿ ಬಂದು ಕೈಯೊಡ್ಡಿದ.

ಅಪ್ಪ ಷಟರಿನ ಹೊರಗೆ ನಿಂತಿದ್ದರು. ಒಳಗೆ ಬರಲಿಲ್ಲ. ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

ಆಮೇಲೆ ನೀನು "ನಾಲ್ಕು ಮಾತು ಅಪ್ಪಣೆ ಕೊಡ್ಸಿ ತಾಯಿ" ಅಂದೆ. ಮೆಸ್ಸು ತುಂಬ ಜನ ನನ್ನ ಬಾಯಿ ನೋಡುತ್ತಾ ಕೂತಿದ್ದರು. ಇವರ ಮುಂದೆ ಏನು ಹೇಳುವುದು, ನಾನು ಸೋತು ಬಂದಿದ್ದೇನೆ, ನನಗೊಂದು ಸೀರೆ ಕೊಡಿ ಅಂತಲೇ? ಬಾಯಿ ತಾನಾಗಿ ಶುರುವಾಯಿತು. ವೈರಾಗ್ಯದ ಮೇಲೆ ಮಾತಾಡಿದೆ ಅಮ್ಮ! ಚೆನ್ನಾಗಿಯೂ ಮಾತಾಡಿದೆ. ಹೆಂಗಸರು ಕಣ್ಣೊರೆಸಿಕೊಂಡರು.

ಊಟಕ್ಕೆ ನನಗೊಬ್ಬಳಿಗೇ ಎಲೆ. ನೀನು ಬಾಯಿಗೆ ಸೆರಗು ಅಡ್ಡ ಹಿಡಿದು ಬಡಿಸಿದೆ. ಕೈ ತೊಳೆಯುವ ನೆಪದಲ್ಲಿ ನಾನು ಒಳಗೆ ಬಂದೆ. ನನ್ನ ಕೋಣೆಯಲ್ಲಿ ಮಂಚವಿಲ್ಲ. ನನ್ನದೇ ಆಳೆತ್ತರದ ಫೋಟೋ, ದೀಪ. ನೀನು ಟವೆಲ್ ಹಿಡಿದು ಹಿಂದೆ ನಿಂತಿದ್ದೆ. ಇಬ್ಬರೇ ಇದ್ದೆವು. "ಸೀರೆ ತೆಗೆದಿಟ್ಟಿದ್ದೀಯಾ ಅಮ್ಮಾ?" ಎಂದು ಕೇಳಿದೆ. ನಿನ್ನ ಕಣ್ಣು ಒಂದು ಗಳಿಗೆ ನನ್ನ ಕಣ್ಣಿಗೆ ಸಿಕ್ಕಿತು. ನೀನು "ಕಾರು ಬಂದದೆ ತಾಯಿ, ಒತ್ತಾಯ್ತದೆ" ಅಂದೆ. ನಮ್ಮ ಬೀದಿಯ ಟ್ಯಾಕ್ಸಿ ಡ್ರೈವರ್ ಬಾಲಾಜಿಯ ಕಾರಿಗೆ ನೀನೇ ಹೂವು ಕಟ್ಟಿಸಿದ್ದೆ. ನನ್ನನ್ನು ಆಶ್ರಮದ ಬಾಗಿಲಿಗೇ ಬಿಟ್ಟು ಬರುವಂತೆ ಅವನಿಗೆ ಹೇಳಿದ್ದೆ.

ಓದಿದ್ದೆಯೋ ಇಲ್ಲವೋ? ಅಷ್ಟೇ ಬರಿ, ಆಫೀಸಿಗಲ್ಲ, ಕವರಿನ ಹಿಂದಿರುವ ಶೈಲಕ್ಕನ ವಿಳಾಸಕ್ಕೆ. ಓದಿಲ್ಲ ಅಂದರೆ ನಾಳೆಯೇ ಬರುತ್ತೇನೆ.

ಮಂಜು


ನಾಗಸಂದ್ರ
ಏಪ್ರಿಲ್ 6, 2025

ಪರಮಪೂಜ್ಯ ಮಾತಾಜಿಯವರ ಪಾದಗಳಿಗೆ,

ಓದಿದ್ದೆ.

ಒಂದೊಂದು ಅಕ್ಷರವನ್ನೂ ಓದಿದ್ದೆ. ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಅವತ್ತೇ ಎದ್ದು ಬಂದು ಕರೆದುಕೊಂಡು ಬರುತ್ತಿದ್ದರು. ಓದಿದ ಮೇಲೆಯೇ ಫ್ಲೆಕ್ಸು ಹಾಕಿಸಿದ್ದು, ಓಲಗಕ್ಕೆ ಹೇಳಿದ್ದು, ಬೀದಿಯವರನ್ನೆಲ್ಲ ಕರೆದದ್ದು. ಜನ ಇಲ್ಲದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ. ಒಬ್ಬಳೇ ಇದ್ದಿದ್ದರೆ ಬಾಗಿಲಲ್ಲೇ ತಬ್ಬಿಕೊಂಡುಬಿಡುತ್ತಿದ್ದೆ.

ತಬ್ಬಿಕೊಂಡರೆ ಏನಾಗುತ್ತಿತ್ತು ಅಂತ ಕೇಳುತ್ತೀಯ. ಹೇಳುತ್ತೇನೆ ಕೇಳು. ನೀನು ಶಿಬಿರ ಅಂತ ಹೇಳಿ ಹೋದವಳು. ಕಿಟಕಿಯಲ್ಲಿ ಕರೆದರೆ ತಿರುಗಿ ನೋಡದವಳು. ಬದುಕಿರುವಾಗಲೇ ನನ್ನ ಕೈಯಿಂದ ಸಾವಿನ ಸ್ನಾನ ಮಾಡಿಸಿದವಳು. ಇವತ್ತು ಅಲ್ಲಿ ಏನೂ ಸಿಗಲಿಲ್ಲ ಅಂತ ಇಲ್ಲಿಗೆ ಬರುತ್ತೀಯ, ನಾಳೆ ಇಲ್ಲೂ ಏನೂ ಸಿಗಲಿಲ್ಲ ಅಂತ ಇನ್ನೆಲ್ಲಿಗೋ ಹೋಗುತ್ತೀಯ. ಆಗ ನಾನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ನೀನು ಷಿಫ್ಟಿಗೆ ಹೋಗಿ ತಡವಾದರೆ ಸಾಕು, ಕವರು ಹಿಡಿದು ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡುತ್ತಾ ಸಾಯಬೇಕು. ಒಂದು ಸಲ ಸತ್ತವಳನ್ನು ಒಂದು ಸಲ ಅತ್ತು ಮುಗಿಸಿದ್ದೇನೆ ಕಣೇ. ಎರಡನೇ ಸಲಕ್ಕೆ ನನ್ನಲ್ಲಿ ಕಸುವಿಲ್ಲ.

ನೋಡಿ, ಬಾಯಿ ಎಲ್ಲೆಲ್ಲೋ ಹೋಯಿತು. ಕ್ಷಮಿಸಬೇಕು.

ತಮಗೆ ಏನೂ ಸಿಕ್ಕಿಲ್ಲ ಅಂದಿರಿ. ಅದು ತಮ್ಮ ಪ್ರಾರಬ್ಧ. ನನಗೆ ಸಿಕ್ಕಿದೆ. ತಾವು ಹೇಳಿದ್ದನ್ನು ನಾನು ಮಾಡಿದೆ, ಅದು ನಿಜವಾಯಿತು. ತಮಗೆ ಗೊತ್ತಿಲ್ಲದೆ ಹೇಳಿದಿರೋ ಗೊತ್ತಿದ್ದು ಹೇಳಿದಿರೋ, ಅದು ನನಗೆ ಬೇಡ. ಒಬ್ಬರನ್ನು ಹಿಡಿ, ಬಿಡಬೇಡ ಅಂದಿರಿ. ಹಿಡಿದೆ. ಈಗ ಹಿಡಿದದ್ದೇ ಎದ್ದು ಬಂದು, ನಾನಲ್ಲ, ಬಿಡು ಅಂದರೆ ನಾನು ಎಲ್ಲಿಗೆ ಹೋಗಲಿ? ಕಾವಿ ಬಿಚ್ಚಬೇಕು ಅನ್ನಿಸಿದರೆ ಬಿಚ್ಚಿ. ಮಹದೇವಪುರಕ್ಕೆ ಹೋಗಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಎಲ್ಲಿ ಬೇಕಾದರೂ ಇರಿ. ಇಲ್ಲಿಗೆ ಮಾತ್ರ ಬರಬೇಡಿ. ನನ್ನ ಮಾತಾಜಿಯನ್ನು ನನ್ನಿಂದ ಕಿತ್ತುಕೊಳ್ಳಬೇಡಿ. ಇಷ್ಟು ಭಿಕ್ಷೆ ಹಾಕಿ.

ಇನ್ನೊಂದು ಸಣ್ಣ ತೊಡಕಿದೆ. ತಮ್ಮನ್ನಲ್ಲದೆ ಯಾರನ್ನು ಕೇಳಲಿ? ಧ್ಯಾನಕ್ಕೆ ಕೂತಾಗ ಎಲ್ಲ ಸರಿಯಾಗೇ ಇರುತ್ತದೆ. ಎದ್ದ ಮೇಲೆ, ಹಾಲು ಕಾಯಿಸುವ ಹೊತ್ತಿಗೆ, ಆ ಹುಡುಗಿ ಬರುತ್ತಾಳೆ. ಮಂಜು. ನಿದ್ದೆಗಣ್ಣಲ್ಲಿ ಬಂದು ಲೋಟ ಹಿಡಿದು ನಿಲ್ಲುತ್ತಾಳೆ. ತಾವು ಬಂದು ಹೋದ ಮೇಲೆ ದಿನವೂ ಬರುತ್ತಿದ್ದಾಳೆ. ಅವಳನ್ನು ಹೇಗೆ ಕಳಿಸಬೇಕು, ಅಪ್ಪಣೆ ಕೊಡಿಸಿ. ಅದೊಂದು ಹೋದರೆ ನಾನು ಗೆದ್ದೆ.

ತಮ್ಮ ಪಾದಸೇವಕಿ,
ಈಶ್ವರಮ್ಮ


ಬೇಗೂರು
ಮೇ 18, 2025

ಶ್ರೀಮತಿ ಈಶ್ವರಮ್ಮನವರಿಗೆ ಆಶೀರ್ವಾದಗಳು.

ನಿಮ್ಮ ಪತ್ರ ತಲುಪಿ ತಿಂಗಳಾಯಿತು. ಗುರುಗಳ ಆರೋಗ್ಯ ಸರಿಯಿಲ್ಲದ ಕಾರಣ ಪೀಠದ ಕೆಲಸಗಳು ನನ್ನ ಮೇಲೆ ಬಿದ್ದಿವೆ. ತಡವಾದದ್ದಕ್ಕೆ ಬೇಸರಿಸಬೇಡಿ.

ನಿಮ್ಮ ತೊಡಕಿನ ಬಗ್ಗೆ ಗುರುಗಳನ್ನು ಕೇಳಲಿಲ್ಲ. ಇದನ್ನು ನಾನೇ ಹೇಳಬಲ್ಲೆ. ಆ ಹುಡುಗಿ ಬಂದು ನಿಂತಾಗ ಅವಳನ್ನು ಬೈಯಬೇಡಿ. ಬೈದರೆ ಅವಳಿಗೆ ಆಸೆ ಹುಟ್ಟುತ್ತದೆ. ಹೆಸರು ಹಿಡಿದು ಕರೆಯಬೇಡಿ. ಅವಳ ಲೋಟಕ್ಕೆ ಹಾಲು ಹಾಕಬೇಡಿ. ನಿಮ್ಮ ಕೆಲಸ ನೀವು ಮಾಡುತ್ತಾ ಇರಿ. ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಯಾರೂ ತನ್ನ ಕಡೆ ನೋಡುತ್ತಿಲ್ಲ ಎಂದು ತಿಳಿದ ಮೇಲೆ ತಾನಾಗಿ ಹೋಗುತ್ತಾಳೆ. ಹೋಗುವಾಗ ತಿರುಗಿ ನೋಡಿದರೆ ತಲೆ ತಗ್ಗಿಸಿಕೊಳ್ಳಿ. ಅಷ್ಟು ನಿಮಗೆ ಅಭ್ಯಾಸವಿದೆ.

ಅವಳು ಬೇರೆಲ್ಲಿಗೂ ಹೋಗುವುದಿಲ್ಲ. ಹೋಗಲು ಅವಳಿಗೆ ಬೇರೆ ಜಾಗ ಗೊತ್ತಿಲ್ಲ. ಆದ್ದರಿಂದ ನಿಮ್ಮ ಮಾತಾಜಿಯ ವಿಷಯದಲ್ಲಿ ನೀವು ನಿಶ್ಚಿಂತೆಯಿಂದ ಇರಬಹುದು.

ನಿಮ್ಮ ನಿಷ್ಠೆ ದೊಡ್ಡದು. ನನ್ನದಕ್ಕಿಂತ ದೊಡ್ಡದು. ನಿಮಗೆ ಮೋಕ್ಷ ಖಂಡಿತ ಸಿಗುತ್ತದೆ.

ಇನ್ನು ಮುಂದೆ ನಿಮ್ಮ ಪತ್ರಗಳಿಗೆ ಆಶ್ರಮದ ಆಫೀಸಿನವರು ಉತ್ತರ ಬರೆಯುತ್ತಾರೆ.

ಮಾತಾ ನಿಷ್ಠಾಮಯಿ